ಓಕ್ ಮರದ ಬುಡದ ಕಲ್ಲು

ಗೆಳೆಯರೇ, ಇವತ್ತು ಅಮೆರಿಕದ ನಮ್ಮ ಸೀಡರ್ ಪಾರ್ಕ್ ಮನೆಯಲ್ಲಿ ಬುಕ್ ಕ್ಲಬ್ ಸೇರಿತ್ತು. ಬಂದವರೆಲ್ಲ ಅಮೆರಿಕನ್ ಗೆಳತಿಯರು. ಪುಸ್ತಕ, ಮಧ್ಯಯುಗದ ಇಂಗ್ಲೆಂಡಿನ ಒಂದು ಮಾಯಾಕಥೆ. ಊರೆಲ್ಲ ಕ್ರೈಸ್ತರಾದ ಮೇಲೂ ಒಬ್ಬ ಮುದುಕಿ ಓಕ್ ಮರದ ಬುಡದ ಕಲ್ಲಿಗೆ ಹಾಲೆರೆಯುತ್ತಾಳೆ. ಕಲ್ಲು ಅವಳ ಜೊತೆ ಮಾತಾಡುತ್ತದೆ. ಪಾದ್ರಿ ಅದನ್ನು ಹೊಳೆಗೆ ಎಸೆಯುತ್ತಾನೆ.

ಪಾದ್ರಿಯನ್ನು ಎಲ್ಲರಿಗಿಂತ ಹೆಚ್ಚು ಬೈದವಳು ನಾನು. "ಇನ್ನೊಬ್ಬರ ದೇವರನ್ನ ಮುಟ್ಟೋಕೆ ಇವನ್ಯಾರು?" ಎಂದು ಇಂಗ್ಲಿಷಿನಲ್ಲಿ ಗುಡುಗಿದೆ.

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ನನ್ನ ಅತ್ತೆ ಒಳಬಂದರು. ಹುಬ್ಬಳ್ಳಿಯಿಂದ ಬಂದು ಎರಡು ತಿಂಗಳಾಗಿದೆ. ಕೈಯಲ್ಲಿ ಹಾಲಿನ ಬಟ್ಟಲು.

"ಗಿಡದ ಬುಡಕ ನನ್ನ ದೇವರ ಇಲ್ಲಲ್ಲವಾ! ಯಾರ ಒಯ್ದಾರ?"

ನಮ್ಮ ಹಿತ್ತಿಲಲ್ಲೂ ಓಕ್ ಮರವಿದೆ. ಅದರಡಿಯ ಬಿಳಿ ಕಲ್ಲೊಂದಕ್ಕೆ ಅತ್ತೆ ದಿನವೂ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಬಂದವರು ಏನಂದುಕೊಳ್ಳುತ್ತಾರೋ ಎಂದು ಬೆಳಿಗ್ಗೆ ನಾನೇ ಅದನ್ನು ತೊಳೆದು, ಗರಾಜಿನಲ್ಲಿ ಪೇಂಟ್ ಡಬ್ಬಿಗಳ ಹಿಂದೆ ಬಚ್ಚಿಟ್ಟಿದ್ದೆ.

"ಏನು ಹುಡುಕ್ತಿದ್ದಾರೆ?" ಎಂದು ಗೆಳತಿಯೊಬ್ಬಳು ಕೇಳಿದಳು.

"ಕ್ಯಾಟ್" ಎಂದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಅತ್ತೆಗೆ ಅಷ್ಟು ಇಂಗ್ಲಿಷ್ ಬರುತ್ತದೆ. ನನ್ನನ್ನು ಒಮ್ಮೆ ನೋಡಿ, ಹಾಲನ್ನು ಸಿಂಕಿಗೆ ಸುರಿದು ಕೋಣೆಗೆ ಹೋದರು.

ಎಲ್ಲರೂ ಹೊರಟ ಮೇಲೆ ಕಲ್ಲನ್ನು ಮತ್ತೆ ಮರದಡಿ ಇಟ್ಟು ಅವರನ್ನು ಕರೆದೆ. ಬಂದು ನೋಡಿದರು.

"ತೊಳದೀಯಲ್ಲವಾ. ಈಗ ಅದು ಬರೇ ಕಲ್ಲು."

ಆ ಪಾದ್ರಿ ಎಸೆದದ್ದಾದರೂ ಹಾಡಹಗಲಲ್ಲಿ, ಊರವರೆಲ್ಲರ ಎದುರಿಗೆ.