ಹಾಸಿಗೆ ಇಳಿಸದ ಡ್ರೈವರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೆರಿಗೆ ಗಾಡಿಯ ಹಿಂಬಾಗಿಲು ತೆರೆದು, ಮಂಡಿಯೂರಿ, ಡ್ರೈವರ್ ರೆಕ್ಸಿನ್ ಹಾಸಿಗೆಯನ್ನು ಫಿನಾಯಿಲ್ ನೀರಿನಲ್ಲಿ ಒರೆಸುತ್ತಿದ್ದಾರೆ. ಹೊಲಿಗೆ ಬಿಟ್ಟ ಮೂಲೆಗೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿ ಒತ್ತುತ್ತಾರೆ. ಫೋನು ಬಡಿದುಕೊಳ್ಳುತ್ತದೆ. ಸ್ಪೀಕರ್ ಹಾಕಿದರೆ ಮಾತ್ರ ಕೇಳಿಸುವ ಫೋನು. ಗುಟ್ಟೆಂಬುದಿಲ್ಲ, ಇಡೀ ಬೀದಿಗೆ ಕೇಳುತ್ತದೆ.

"ಹಾಸಿಗೆ ಇಳಿಸಿದ್ಯೇನಯ್ಯಾ? ಕುರ್ಚಿ ಹಾಕು. ಪರಿಶೀಲನೆಯವರು ಹನ್ನೊಂದಕ್ಕೆ ಬರ್ತಾರೆ." ತಾಯಂದಿರ ಆರೋಗ್ಯ ಯೋಜನೆಯ ಮೇಲ್ವಿಚಾರಕರ ದನಿ.

"ಇಳಿಸಲ್ಲ ಸಾರ್."

"ಕೆಲಸ ಬೇಕೋ ಬೇಡ್ವೋ?"

"ಬೇಕು ಸಾರ್. ಅದಕ್ಕೇ ಇಳಿಸ್ತಿಲ್ಲ."

ರೈಲು ಹಳಿಯಾಚೆಯ ಈ ಕಾಲೊನಿಗೆ ಆಟೋಗಳು ಬರುವುದಿಲ್ಲ. ಇಟ್ಟಿಗೆ ಲಾರಿಗಳು ಅಗೆದುಹಾಕಿದ ರಸ್ತೆ. ಆಸ್ಪತ್ರೆ ಇರುವುದು ಹಳಿ ದಾಟಿ ಪೇಟೆಯಲ್ಲಿ. ದಿನಕ್ಕೆ ಮೂರು ನಾಲ್ಕು ಸಲ ಬಸುರಿಯರನ್ನು, ಬಾಣಂತಿಯರನ್ನು ಹೊತ್ತು ಓಡುವುದು ಇದೊಂದೇ ಗಾಡಿ. ಡ್ರೈವರ್ ಮೊದಲು ಇಟ್ಟಿಗೆ ಲಾರಿಯಲ್ಲಿದ್ದವರು. "ಇಟ್ಟಿಗೆ ಒಡೆದ್ರೆ ಮಾಲೀಕ ಜನ್ಮ ಜಾಲಾಡ್ತಿದ್ದ. ಆ ಬೈಗುಳದಲ್ಲೇ ಗುಂಡಿ ತಪ್ಪಿಸೋದು ಕಲ್ತೆ," ಎನ್ನುತ್ತಾರೆ. ಸಂಬಳ ಎರಡು ತಿಂಗಳಿಗೊಮ್ಮೆ ಮುಖ ತೋರಿಸುತ್ತದೆ.

ಕಾಲೊನಿಯ ಹೆಣ್ಣುಮಕ್ಕಳಿಗೆಲ್ಲ ಇವರು 'ಮಾವ'. ಹೆಂಡತಿಗೆ ಅದೇ ತಮಾಷೆ. "ಬೀದಿ ತುಂಬ ಸೊಸೆಯಂದ್ರು ಇವ್ರಿಗೆ! ನಾನು ಪೇಟೆಗೆ ಬಿಡಿ ಅಂದ್ರೆ, 'ನೋವು ಬಂದಿದ್ಯಾ?' ಅಂತ ಕೇಳ್ತಾರೆ."

ಹೋದ ವರ್ಷವೂ ಪರಿಶೀಲನೆ ನಡೆದಿತ್ತು. ಹಾಸಿಗೆ ಇಳಿಸಿ, ಕುರ್ಚಿ ಹಾಕಿಸಿ, ತಂಡವನ್ನು ಇದೇ ಗಾಡಿಯಲ್ಲಿ ಕರೆತಂದರು. ಸಮುದಾಯ ಭವನದಲ್ಲಿ ಹೆಂಗಸರನ್ನು ಸಾಲಾಗಿ ಕೂರಿಸಿ ಕೇಳಿದರು: ಗಾಡಿ ಹೊತ್ತಿಗೆ ಸರಿಯಾಗಿ ಬರುತ್ತದೆಯೇ? ಗಾಡಿ ಬಾಗಿಲಲ್ಲೇ ನಿಂತಿದೆ, ಮೇಲ್ವಿಚಾರಕರು ಪಕ್ಕದಲ್ಲೇ ನಿಂತಿದ್ದಾರೆ. ಬರುತ್ತದೆ ಎಂದರು, ಇನ್ನೇನು ಹೇಳಿಯಾರು?

ಅದೇ ಹೊತ್ತಿನಲ್ಲಿ ಲಾಂಡ್ರಿ ಕೆಲಸದ ಹುಡುಗಿಯೊಬ್ಬಳಿಗೆ ಚೊಚ್ಚಲ ಹೆರಿಗೆಯ ನೋವು. ಸುದ್ದಿ ಬಂದಾಗ ಡ್ರೈವರ್ ಎದ್ದು ನಿಂತರು. ಗಾಡಿಯ ಕೀಲಿ ಮೇಲ್ವಿಚಾರಕರ ಜೇಬಿನಲ್ಲಿತ್ತು. "ಇವರನ್ನ ಬಿಟ್ಟು ಬಾ, ಆಮೇಲೆ ಹೋಗು," ಎಂದರು. ಹುಡುಗಿಯನ್ನು ಅವಳ ಅತ್ತೆ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹಳಿಯವರೆಗೆ ಹೋದರು. ಗೇಟು ಹಾಕಿತ್ತು. ಮಗು ಉಳಿಯಲಿಲ್ಲ. 'ಗಾಡಿ ವ್ಯವಸ್ಥೆ ತೃಪ್ತಿಕರ' ಎಂದು ವರದಿ ಬಂತು. ಗಾಯ ನೋಡಲು ಬಂದವರು ಗಾಯದ ಮೇಲೇ ಕುರ್ಚಿ ಹಾಕಿಕೊಂಡು ಕೂತು ಹೋದರು. ಯಾರಿಗೂ ನಾಚಿಕೆಯಾದಂತಿಲ್ಲ.

ಆ ಹುಡುಗಿಗೆ ಈಗ ಮತ್ತೆ ದಿನ ತುಂಬಿದೆ. ರಾತ್ರಿಯಿಂದ ಸೊಂಟ ಹಿಡಿದುಕೊಂಡಿದೆ. ಗೋಡೆ ಹಿಡಿದು ನಿಧಾನಕ್ಕೆ ಬಂದು, ಗಾಡಿಯ ಕಿಟಕಿಗೆ ಒರಗುತ್ತಾಳೆ.

"ಮಾವ, ಇವತ್ತು ಗಾಡಿ ಇರುತ್ತಲ್ವಾ?"

"ಇರುತ್ತೆ ಕಣಮ್ಮಾ."

ಹಿಂದೆಯೇ ಬಂದ ಅತ್ತೆ ಸುಮ್ಮನಿರುವುದಿಲ್ಲ. "ಹೋದ ಸಲನೂ ಇತ್ತಲ್ಲಪ್ಪಾ, ಭವನದ ಮುಂದೆ. ಥಳಥಳ ಅಂತಿತ್ತು!"

ಡ್ರೈವರ್ ಬಕೆಟ್ಟಿನ ನೀರನ್ನು ಚರಂಡಿಗೆ ಚೆಲ್ಲಿ, ಗಾಡಿಯನ್ನು ಅವರ ಓಣಿಯ ಬಾಯಿಗೆ ತಂದು, ಮೂತಿಯನ್ನು ಪೇಟೆಯ ಕಡೆಗೆ ತಿರುಗಿಸಿ ನಿಲ್ಲಿಸುತ್ತಾರೆ. ಕೀಲಿ ಕಿತ್ತು ಅತ್ತೆಯ ಅಂಗೈಯಲ್ಲಿಡುತ್ತಾರೆ.

"ನಿಮ್ಮ ಹತ್ರನೇ ಇರ್ಲಿ ಅಕ್ಕಾ. ನನ್ನ ಹತ್ರ ಇದ್ರೆ ಅವರು ಗದರಿಸಿ ಇಸ್ಕೋತಾರೆ. ನಿಮ್ಮನ್ನ ಗದರಿಸೋಕೆ ಯಾರಿಗಿದೆ ಧೈರ್ಯ?"

ಅತ್ತೆ ಮೊದಲ ಸಲ ನಗುತ್ತಾರೆ. ಕೀಲಿಯನ್ನು ಸೆರಗಿನ ತುದಿಗೆ ಎರಡು ಗಂಟು ಹಾಕಿ ಕಟ್ಟುತ್ತಾರೆ.

ಫೋನು ಮತ್ತೆ ಬಡಿದುಕೊಳ್ಳುತ್ತಿದೆ. ಡ್ರೈವರ್ ಎತ್ತುವುದಿಲ್ಲ. ಪರಿಶೀಲನೆಯವರು ಹೇಗೆ ಬರಬೇಕು ಎಂದು ಯಾರಾದರೂ ಕೇಳಿದರೆ ಹಳಿಯ ಕಡೆ ಕೈ ತೋರಿಸುತ್ತಾರೆ.

"ಗೇಟಿನ ಹತ್ರ ಇಳಿದು ನಡ್ಕೊಂಡು ಬರ್ಲಿ. ಗುಂಡಿ ಬಂದಾಗೆಲ್ಲ ಒಂದು ಕೈಲಿ ಹೊಟ್ಟೆ ಹಿಡ್ಕೊಂಡು ನಡೀಲಿ. ಇಲ್ಲಿಗೆ ಬಂದು ಮುಟ್ಟಿದ ಮೇಲೆ ಏನು ಬೇಕಾದ್ರೂ ಬರ್ಕೊಳ್ಲಿ. ಅಷ್ಟೇ ನನ್ನಾಸೆ."