ಹತ್ತರಿಂದ ಹನ್ನೆರಡರೊಳಗೆ

ನಮ್ಮ ವಿಮಾನ ನಿಲ್ದಾಣದಲ್ಲಿ ಮೋಡ ನೋಡುವವನು ನಾನು, ಆ ಮೋಡ ಮುಂದೇನು ಮಾಡುತ್ತದೆಂದು ಹೇಳುವವಳು ಜುರಾಕನ್ ಎಜೆ. ಅರ್ಧ ಗಂಟೆಗೊಮ್ಮೆ ಹೊರಗೆ ಹೋಗಿ, ಕತ್ತೆತ್ತಿ ನಿಂತು, ಕಂಡದ್ದನ್ನು ಬರೆದು ಅವಳ ಮೇಜಿನ ಮೇಲಿಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇಬ್ಬರದೂ ಇದೇ ಕೆಲಸ. ಅವಳು ನನಗಿಂತ ಆರು ವರ್ಷ ದೊಡ್ಡವಳು; ಎಜೆ ಎಂದರೆ ನಮ್ಮಲ್ಲಿ ಅಕ್ಕ. ಎಜೆ ಅನ್ನದೆ ಬರೀ ಹೆಸರು ಹಿಡಿದು ಕರೆದೆನೆಂದು ಗೊತ್ತಾದರೆ ನನ್ನ ಹೆಂಡತಿ ಆ ದಿನ ನನಗೆ ಚಹಾ ಕೊಡುವುದಿಲ್ಲ.

ಹಾರುವ ಮುಂಚೆ ಪೈಲಟ್ ಅವಳ ಕಿಟಕಿಗೆ ಬಂದು, ಮುನ್ಸೂಚನೆಯ ಹಾಳೆ ಓದಿ, ಸಹಿ ಹಾಕಿ, ಮೊಹರು ಒತ್ತಿಸಿಕೊಳ್ಳಬೇಕು. ಬೇರೆ ಕಡೆ ಇದು ಒಂದು ನಿಮಿಷದ ಕೆಲಸ. ನಮ್ಮಲ್ಲಿ ಹಾಗಲ್ಲ. ಹಾಳೆಯ ತುಂಬ ಇರುವುದು ಅಕ್ಷರ, ಅಂಕಿಗಳ ಗೂಢಲಿಪಿ. ಅದನ್ನು ಗಿಣಿಪಾಠದಂತೆ ಒಪ್ಪಿಸಿದರೆ ಎಜೆ ತಲೆ ಎತ್ತುವುದೂ ಇಲ್ಲ.

"ಅಂಕಿ ನಂಗೂ ಗೊತ್ತಪ್ಪ, ನಾನೇ ಬರ್ದಿದ್ದು. ನಿಮ್ಮಮ್ಮಂಗೆ ಹೇಳೋ ಹಾಗೆ ಹೇಳು. ನೀನು ಇಳಿಯೋ ಹೊತ್ಗೆ ಅಲ್ಲಿ ಹೇಗಿರುತ್ತೆ?"

ತಲೆ ನರೆತ ಕ್ಯಾಪ್ಟನ್ನರೂ ಆ ಕಿಟಕಿಯ ಮುಂದೆ ತಡವರಿಸಿದ್ದಾರೆ. ಬೆನ್ನ ಹಿಂದೆ ಅವಳನ್ನು ಮೊಹರಿನ ಮುದುಕಿ ಎನ್ನುತ್ತಾರೆ. ಅವಳಿಗದು ಗೊತ್ತು. "ಮುದುಕಿ ಅನ್ನೋದೂ ನಿಜ, ಮೊಹರು ಇರೋದೂ ನಿಜ" ಎನ್ನುತ್ತಾಳೆ.

ಹೋದ ಅಕ್ಟೋಬರಿನಲ್ಲಿ ನಮ್ಮ ಮುಖ್ಯಸ್ಥ ಸೆಯಿತ್‌ಕಾಜಿಯ ಅಣ್ಣನ ಮಗನಿಗೆ ಕೋಕ್-ಜಾರ್ ಕಣಿವೆಯಲ್ಲಿ ಹೆಣ್ಣು ಗೊತ್ತಾಯಿತು. ಗಂಡಿನ ಕಡೆಯಿಂದ ಹತ್ತು ಜನ ಬೀಗರು, ಹೊಸ ಕಲ್ಪಾಕ್ ಟೋಪಿ ತೊಟ್ಟು, ಎಣ್ಣೆಯಲ್ಲಿ ಕರಿದ ಬೂರ್ಸಾಕ್ ತಿಂಡಿ ತುಂಬಿದ ಚೀಲ ಹೊತ್ತು ಬೆಳಗ್ಗೆ ಒಂಬತ್ತಕ್ಕೇ ಬಂದು ಕೂತರು. ಹಿರಿತನ ಸೆಯಿತ್‌ಕಾಜಿಯದು. ಹೆಣ್ಣಿನ ಮನೆಯಲ್ಲಿ ಮಧ್ಯಾಹ್ನಕ್ಕೆ ಕುದುರೆಮಾಂಸದ ಊಟ. ಹತ್ತಕ್ಕೆ ಹೊರಟರೆ ಹತ್ತೂ ನಲವತ್ತಕ್ಕೆ ಅಲ್ಲಿ. ಪೈಲಟ್ ಕುಬಾನ್, ಬಯಲು ಸೀಮೆಯ ಹುಡುಗ, ನಮ್ಮಲ್ಲಿಗೆ ಬಂದು ಎರಡೇ ತಿಂಗಳಾಗಿತ್ತು.

"ಕೋಕ್-ಜಾರಲ್ಲಿ ಈಗ ಆಕಾಶ ಶುಭ್ರವಾಗಿದೆ ಎಜೆ" ಎಂದು ಕುಬಾನ್ ಶುರುಮಾಡಿದ. "ಹತ್ತರಿಂದ ಹನ್ನೆರಡರೊಳಗೆ ಮೋಡ ಕೆಳಗಿಳಿದು ಕೂತ್ಕೊಳುತ್ತೆ. ಅಷ್ಟರಲ್ಲಿ ನಾವು ಇಳಿದಿರ್ತೀವಿ."

"ಮೋಡ ಎಷ್ಟೊತ್ತಿಗೆ ಬರುತ್ತೆ ಅಂತ ಓದ್ದೆ?"

"ಹನ್ನೆರಡಕ್ಕೆ."

"ಹನ್ನೆರಡಕ್ಕೆ ಅಂತ ಮೋಡ ನಿಂಗೆ ಕಾಗದ ಬರ್ದಿತ್ತಾ? ಯಾವ ಗಳಿಗೆ ಅಂತ ನಂಗೆ ಗೊತ್ತಿದ್ರೆ ಒಂದೇ ಹೊತ್ತು ಬರೀತಿದ್ದೆ. ಗೊತ್ತಿಲ್ಲ ಅಂತ್ಲೇ ಎರಡು ಬರ್ದಿರೋದು. ಕೆಟ್ಟದ್ದು ಮೊದಲನೇ ಗಂಟೆಗೇ ಬಂತು ಅಂತ ಓದ್ಬೇಕು, ಒಳ್ಳೇದು ಕಡೇ ಗಂಟೆಗೆ ಬಂತು ಅಂತ ಓದ್ಬೇಕು. ನೀನು ಕೆಟ್ಟದ್ದಕ್ಕೂ ಕಡೇ ಗಂಟೆ ಕೊಟ್ಟಿದೀಯ."

ಕುಬಾನ್ ಕಿವಿ ಕೆಂಪಾದವು. ಈ ನಿಯಮ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಿಂದೆ ಮುಖ್ಯಸ್ಥ ನಿಂತಿದ್ದ.

"ಜುರಾಕನ್, ಬೀಗರು ಕಾಯ್ತಿದಾರೆ" ಎಂದ ಸೆಯಿತ್‌ಕಾಜಿ.

"ಕಾಯ್ಲಿ. ಕೋಕ್-ಜಾರು ಒಂದು ಬಾಣಲಿ ಇದ್ದ ಹಾಗೆ. ಒಳಗೆ ಹೋದ್ಮೇಲೆ ಮೇಲೆ ಮುಚ್ಚಳ ಬಿದ್ರೆ ಇಳಿಯೋಕೂ ಆಗಲ್ಲ, ಹೊರಗೆ ಬರೋಕೂ ಆಗಲ್ಲ."

"ಒತ್ತಿ ಮೊಹರು. ಇಲ್ಲಾಂದ್ರೆ ಅದನ್ನ ಇಲ್ಲಿ ಕೊಟ್ಟು ಮನೆಗೆ ಹೋಗಿ!"

ಎಜೆಗೆ ಪಿಂಚಣಿ ಬರಲು ಇನ್ನೆರಡು ವರ್ಷ ಬಾಕಿ. ನಾನು ಬಾಯಿ ಬಿಡಲಿಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಅವಳು ಮೊಹರನ್ನು ಕಿಟಕಿಯಾಚೆ ತಳ್ಳಿದಳು. "ತಗೊಳ್ಳಿ. ಒತ್ತಿ, ಕೆಳಗೆ ನಿಮ್ಮ ಹೆಸರು ಬರೀರಿ."

ಸೆಯಿತ್‌ಕಾಜಿ ಅದನ್ನು ಮುಟ್ಟಲಿಲ್ಲ. ವಿಮಾನ ಹೊರಡಲಿಲ್ಲ.

ಹತ್ತೂ ನಲವತ್ತಕ್ಕೆ ಕೋಕ್-ಜಾರಿನಿಂದ ರೇಡಿಯೋ ಬಂತು: ಆಕಾಶ ಶುಭ್ರ. ಹನ್ನೊಂದಕ್ಕೂ ಶುಭ್ರ. ಹನ್ನೊಂದೂವರೆಗೆ ಅಲ್ಲಿನವನು "ನಾವಿಲ್ಲಿ ಬಿಸಿಲಿಗೆ ಬೆನ್ನು ಕಾಯಿಸ್ತಾ ಕೂತಿದೀವಿ, ನೀವೆಲ್ಲಿ ಹಾಳಾಗ್ಹೋದ್ರಿ?" ಎಂದು ಕೇಳಿದ. ಬೀಗರು ಅಷ್ಟರಲ್ಲಿ ಒಂದು ಚೀಲ ಬೂರ್ಸಾಕ್ ಮುಗಿಸಿದ್ದರು. "ತಾಯಿ, ನಿಮ್ಮ ಮೋಡಕ್ಕೆ ದಾರಿ ತಪ್ಪಿತೋ ಏನೋ" ಎಂದು ಅವರಲ್ಲೊಬ್ಬ ಮುದುಕ ಕಿಚಾಯಿಸಿದ. ಎಜೆ ನಕ್ಕು ಅವನ ಲೋಟಕ್ಕೆ ಚಹಾ ಬಗ್ಗಿಸಿದಳು. ಆ ಹಾಳು ಮೋಡ ಬೇಗ ಬರಲಿ ಎಂದು ನಾನು ಹಾರೈಸಿದೆ, ಸುಳ್ಳು ಯಾಕೆ ಹೇಳಲಿ. ಬಂತು, ಹನ್ನೆರಡಕ್ಕೆ ಇನ್ನೈದು ನಿಮಿಷವಿದ್ದಾಗ.

ಇನ್ನು ಬೀಗರಿಗೆ ಘಾಟಿಯ ರಸ್ತೆಯೇ ಗತಿ, ವ್ಯಾನಿನಲ್ಲಿ ಏಳು ಗಂಟೆ. ಸೆಯಿತ್‌ಕಾಜಿ ಎಲ್ಲರ ಎದುರಿಗೇ ಕುಬಾನ್ ಕೈಗೆ ಒಂದು ಹಾಳೆ ಕೊಟ್ಟ.

"ಬರಿ. ಆರಾಮಾಗಿ ಇಳೀಬಹುದಿತ್ತು, ಈಯಮ್ಮ ಸುಮ್ಸುಮ್ನೆ ತಡೆದ್ರು ಅಂತ. ಈ ಕಾಗದ ಇವತ್ತೇ ರಾಜಧಾನಿಗೆ ಹೋಗುತ್ತೆ."

ಎಜೆಯ ಇಪ್ಪತ್ತೆರಡು ವರ್ಷದ ಕೆಲಸ ಆ ಹುಡುಗನ ಪೆನ್ನಿನ ತುದಿಯಲ್ಲಿತ್ತು. ಅವನು ಗೋಡೆಗೆ ಹಾಳೆ ಒತ್ತಿ ಹಿಡಿದು ಬರೆದ.

"ಓದು, ಬೀಗರೂ ಕೇಳ್ಲಿ."

ಕುಬಾನ್ ಗಟ್ಟಿಯಾಗಿ ಓದಿದ. "ಹತ್ತೂ ನಲವತ್ತಕ್ಕೆ ಇಳೀಬಹುದಿತ್ತು, ನಿಜ. ಆದ್ರೆ ಹೊರಡೋ ಹೊತ್ತಲ್ಲಿ ಅದು ಯಾರಿಗೂ ಗೊತ್ತಿರ್ಲಿಲ್ಲ, ನಂಗೂ ಗೊತ್ತಿರ್ಲಿಲ್ಲ. ನಾನು ಕೆಟ್ಟದ್ದನ್ನ ನನ್ನ ಅನುಕೂಲಕ್ಕೆ ತಕ್ಕ ಹಾಗೆ ಓದಿದ್ದೆ. ಜುರಾಕನ್ ಎಜೆ ಇರೋ ಹಾಗೆ ಓದಿದ್ರು. ನಾಳೆ ಇಂಥದೇ ಹಾಳೆ ಬಂದ್ರೂ ನಾನು ಹೊರಡಲ್ಲ. ತಪ್ಪು ನಂದು."

ಕಿಚಾಯಿಸಿದ್ದ ಮುದುಕ ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಎಜೆ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನೋಡುವುದೇ ತಾನೆ ನನ್ನ ಕೆಲಸ! ನಾನು ಇವಳ ಜೊತೆ ಕೆಲಸ ಮಾಡುವವನು ಎಂದು ಊರಿಗೆಲ್ಲ ಕೇಳುವಂತೆ ಕೂಗಬೇಕೆನಿಸಿತು.

ಸೆಯಿತ್‌ಕಾಜಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಬೀಗರು ಚೀಲಗಳನ್ನು ವ್ಯಾನಿಗೆ ಹೊತ್ತರು. ಎಲ್ಲರೂ ಹತ್ತಿದ ಮೇಲೆ ಅವನು ಕಿಟಕಿಯ ಹತ್ತಿರ ವಾಪಸ್ ಬಂದ.

"ಎಜೆ," ಎಂದ, ಮುಖ್ಯಸ್ಥನಾಗಿ ಬಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ, "ಘಾಟಿ ಮೇಲೆ ಹಿಮ ಬೀಳುತ್ತಾ? ಇವರನ್ನ ಕರ್ಕೊಂಡು ಹೋಗ್ಲಾ?"

"ಐದು ಗಂಟೆಯಿಂದ ಏಳರೊಳಗೆ" ಎಂದಳು ಎಜೆ.

ಅವನು ಗಡಿಯಾರ ನೋಡಿ, ಬೆರಳು ಮಡಿಸಿ ಎಣಿಸಿದ. ಆಮೇಲೆ ವ್ಯಾನಿನ ಕಡೆ ತಿರುಗಿ ಕೂಗಿದ: "ಇಳೀರಪ್ಪಾ ಎಲ್ಲಾ, ಇಳೀರಿ. ಐದಕ್ಕೇ ಹಿಮ ಬೀಳುತ್ತೆ. ನಾಳೆ ಹೋಗೋಣ."