ಒಂದು ಹಾಳೆ ತುಂಬ ಥ

ಮುಂಬಯಿಯ ಚೆಂಬೂರಿನಲ್ಲಿ ಅಂಧರಿಗಾಗಿ ಇರುವ ಸಣ್ಣ ಗ್ರಂಥಾಲಯವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಕನ್ನಡ ಪುಸ್ತಕಗಳನ್ನು ಟೈಪ್ ಮಾಡಿ ಬ್ರೈಲ್ ಪ್ರಿಂಟರಿಗೆ ಕಳಿಸುವುದು ನನ್ನ ಪಾಲಿನದು. ಆ ಪ್ರಿಂಟರಿಗೆ ಶಾಯಿ ಬೇಡ. ದಪ್ಪ ಕಾಗದದ ಮೇಲೆ ಚುಕ್ಕೆಗಳನ್ನು ಗುದ್ದಿ ಎಬ್ಬಿಸುತ್ತದೆ. ಹೊರಬಂದ ಹಾಳೆಯನ್ನು ಬೆರಳಲ್ಲಿ ಓದಿ ತಪ್ಪು ಹಿಡಿಯುವವರು ನನ್ನ ಸಹೋದ್ಯೋಗಿ. ವಿಜಯಪುರದ ಹೆಂಗಸು, ಹುಟ್ಟಿನಿಂದ ದೃಷ್ಟಿಯಿಲ್ಲ. ದಿನಾ ಕುರ್ಲಾದಿಂದ ಲೋಕಲ್ ರೈಲಿನಲ್ಲಿ ಒಬ್ಬರೇ ಬರುತ್ತಾರೆ.

ಕಳೆದ ವರ್ಷ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂತು. ಪ್ರಿಂಟರಿನ ಅಗಲ ಕೇಬಲ್ಲಿಗೆ ಅದರಲ್ಲಿ ಜಾಗವೇ ಇರಲಿಲ್ಲ. ನೋಡಲು ಬಂದ ರಿಪೇರಿಯವರು ಕೇಬಲ್ಲಿನ ತುದಿ ಹಿಡಿದು ನಕ್ಕರು.

"ಮೇಡಂ, ಐಸಾ ಪೋರ್ಟ್ ಅಬ್ ಕಹಾಂ ಮಿಲ್ತಾ ಹೈ? ನಯಾ ಪ್ರಿಂಟರ್ ಲೇ ಲೋ."

ಇಂಥ ಪೋರ್ಟ್ ಈಗ ಸಿಗುವುದಿಲ್ಲ, ಹೊಸ ಪ್ರಿಂಟರ್ ಕೊಳ್ಳಿ ಎಂದರೆ? ಬ್ರೈಲ್ ಪ್ರಿಂಟರಿನ ಬೆಲೆಗೆ ಆ ಮಾತನ್ನು ನಮ್ಮಲ್ಲಿ ಯಾರೂ ಎತ್ತುವಂತಿರಲಿಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಅಲೆದು, ಒಂದು ತುದಿ ಹಳೆಯದಕ್ಕೆ, ಇನ್ನೊಂದು ಹೊಸದಕ್ಕೆ ಹೊಂದುವ ಕೇಬಲ್ ತಂದೆ. ಅಷ್ಟಾದರೂ ಕಂಪ್ಯೂಟರಿಗೆ ಈ ಪ್ರಿಂಟರಿನ ಗುರುತು ಹತ್ತಲಿಲ್ಲ. ಬರಿಯ ಅಕ್ಷರ ಒತ್ತುವ ಸಾಧಾರಣ ಪ್ರಿಂಟರ್ ಎಂದು ತೋರಿಸಿ ಒಂದು ಪುಟ ಕಳಿಸಿದೆ. ಯಂತ್ರ ಮೇಜು ನಡುಗಿಸುತ್ತ ಗುದ್ದತೊಡಗಿತು. ನನಗೆ ಸಮಾಧಾನವಾಯಿತು.

ಸಹೋದ್ಯೋಗಿ ಮೊದಲ ಸಾಲಿನ ಮೇಲೆ ಬೆರಳಾಡಿಸಿದರು. ಎರಡನೆಯದನ್ನೂ ನೋಡಿದರು.

"ಹಾಳಿ ತುಂಬ ಬರೇ ಥ ಐತ್ರಿ. ಥ ಥ ಥ ಥ. ಏನ್ ಟೈಪ್ ಮಾಡೀರಿ?"

"ಕಾದಂಬರಿಯನ್ನೇ ಮಾಡಿದ್ದು ಮಾರಾಯ್ರೆ."

ನಾಲ್ಕು ಸಲ ಕಳಿಸಿದೆ. ನಾಲ್ಕು ಸಲವೂ ಥ. ಕೇಬಲ್ಲಿಗೆ ತೆತ್ತದ್ದು ದಂಡವಾಯಿತೆಂದುಕೊಂಡೆ.

"ಒಮ್ಮೆ ಇಂಗ್ಲಿಷ್ ಕಳಿಸಿ ನೋಡೂಣು," ಎಂದವರು ಅವರೇ.

ಸರಿಯಾಗಿದೆಯೇ ಎಂದು ಕೇಳುವ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿದೆ. ಅವರು ಪದಪದವನ್ನೂ ಸ್ಪಷ್ಟವಾಗಿ ಓದಿ ಕೊನೆಯಲ್ಲಿ ನಿಂತರು. "ಎಲ್ಲಾ ಬಂದೈತಿ. ಕಡೀಕೆ ಮಾತ್ರ ಒಂದು ಥ."

ಕಡೆಯಲ್ಲಿ ನಾನು ಒತ್ತಿದ್ದು ಪ್ರಶ್ನಾರ್ಥಕ ಚಿಹ್ನೆ. ಆಗ ತಿಳಿಯಿತು. ಗೊತ್ತಿಲ್ಲದ ಪ್ರತಿ ಕನ್ನಡ ಅಕ್ಷರಕ್ಕೂ ಕಂಪ್ಯೂಟರ್ ಒಂದೊಂದು ಪ್ರಶ್ನಾರ್ಥಕ ಕಳಿಸುತ್ತಿತ್ತು. ಪ್ರಿಂಟರ್ ಅದಕ್ಕೆ ಗುದ್ದುವ ಚುಕ್ಕೆಗಳೇ ಕನ್ನಡ ಬ್ರೈಲಿನಲ್ಲಿ ಥ. ಮೊದಲು ಕನ್ನಡವನ್ನು ಬ್ರೈಲಿಗೆ ಬದಲಿಸುವ ತಂತ್ರಾಂಶ ಹಳೆಯ ಕಂಪ್ಯೂಟರಿನಲ್ಲಿತ್ತು, ಇದರಲ್ಲಿ ಇರಲಿಲ್ಲ.

ಅದರ ಹೊಸ ಆವೃತ್ತಿ ಹುಡುಕಿ ಹಾಕಲು ಎರಡು ದಿನ ಹಿಡಿಯಿತು. ಆ ಎರಡು ದಿನವೂ ಅವರು ಹತ್ತು ಗಂಟೆಗೆ ಬಂದು, ಹಳೆಯ ಪುಸ್ತಕಗಳ ಹರಿದ ಅಂಚು ಅಂಟಿಸುತ್ತ ಕೂತರು.

ಮೂರನೇ ದಿನ ಕಾದಂಬರಿಯ ಅದೇ ಪುಟವನ್ನೂ ಅದರ ಮುಂದಿನದನ್ನೂ ಕಳಿಸಿ, ಮೊದಲು ಬಂದ ಹಾಳೆಯನ್ನು ಅವರ ಮುಂದಿಟ್ಟೆ. ಬೆರಳು ಎಡದಿಂದ ಬಲಕ್ಕೆ ಹರಿಯಿತು, ಎಲ್ಲೂ ನಿಲ್ಲದೆ ಕೆಳಗಿಳಿಯಿತು.

"ಸರಿ ಉಂಟಾ?" ಕೇಳಿದೆ. ಬೆರಳು ಕೊನೆಯ ಸಾಲಿಗೆ ಬಂತು. ಇನ್ನೊಮ್ಮೆ ಕೇಳಿದೆ.

"ತಡೀರಿ," ಎಂದರು. "ಆಕಿ ಬಾಗಲಾ ತಗದ್ಲೋ ಇಲ್ಲೋ? ಮುಂದಿನ ಹಾಳಿ ಕೊಡ್ರಿ."

ಮುಂದಿನ ಹಾಳೆ ಇನ್ನೂ ಯಂತ್ರದಲ್ಲಿತ್ತು. ಅದು ಮುಗಿಯುವವರೆಗೆ ಅವರು ಕೈ ಚಾಚಿಕೊಂಡೇ ಕೂತಿದ್ದರು.